ಪದವಿ ಓದುವಾಗಲೇ ಸಂಶೋಧನೆ: ಮಧುಗಿರಿ ಸೀಮೆಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ದಿನಗಳಲ್ಲಿ ತಾಲ್ಲೂಕು ಕೇಂದ್ರಗಳ ಕಾಲೇಜು ರಸ್ತೆಯನ್ನು ನೋಡಬೇಕು. ಜೆರಾಕ್ಸ್ ಅಂಗಡಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಕೌಂಟರಿನ ಮೇಲೆ ನೀಲಿ, ಮೆರೂನ್ ರಟ್ಟಿನ ಪ್ರಾಜೆಕ್ಟ್ ವರದಿಗಳ ರಾಶಿ, ಅವುಗಳ ಮೇಲೆ ಬಂಗಾರದ ಬಣ್ಣದ ಅಕ್ಷರ. ‘ಅಣ್ಣ, ಹೋದ ವರ್ಷದ್ದು ಇದ್ರೆ ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ ಕೊಡಿ’ ಎನ್ನುತ್ತಾನೆ ಒಬ್ಬ ಹುಡುಗ. ನಾಳೆ ಬೆಳಿಗ್ಗೆ ಸಲ್ಲಿಸಬೇಕು, ಊರಿನ ಕೊನೇ ಬಸ್ಸಿಗೆ ಹೊತ್ತಾಗಿದೆ. ಮೊದಲ ಪುಟದಲ್ಲಿ ಕೃತಜ್ಞತೆ, ಕೊನೆಯ ಪುಟದಲ್ಲಿ ಗ್ರಂಥಋಣ. ನಡುವಿನ ಪುಟಗಳಲ್ಲಿ ಅವನು ತಾನೇ ಕಂಡದ್ದು, ಎಣಿಸಿದ್ದು, ಯಾರನ್ನಾದರೂ ಕೇಳಿ ತಿಳಿದದ್ದು ಒಂದು ಸಾಲೂ ಇಲ್ಲ.

ಅದೇ ಹುಡುಗ ಬಸ್ಸಿನಲ್ಲಿ ಕೂತು ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಕಡಲೇಕಾಯಿ ಹೊಲ, ಬತ್ತಿದ ಕೆರೆಯಂಗಳ, ಬೋರ್ ಕೊರೆಯುವ ಲಾರಿ, ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸರು ಕಾಣುತ್ತಾರೆ. ಇವುಗಳಲ್ಲಿ ಒಂದೊಂದೂ ಒಂದು ವರ್ಷ ಕೂತು ಹುಡುಕಬಹುದಾದ ವಿಷಯ. ಅವನಿಗೆ ಅದನ್ನು ಯಾರೂ ಹೇಳಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಗಳಲ್ಲಿ ತುಮಕೂರಿನಿಂದ ಬೇರೆಯಾಗಿ ಇದರ ಹೆಸರು ಬರುತ್ತದೆ. ಈ ಸಲ ಎಷ್ಟನೇ ಸ್ಥಾನ ಎಂದು ಊರೆಲ್ಲ ವಿಚಾರಿಸುತ್ತದೆ. ಅದೇ ಮಕ್ಕಳು ಪದವಿ ಮುಗಿಸಿದಾಗ, ಮೂರು ವರ್ಷದಲ್ಲಿ ನೀವೇ ಏನನ್ನು ಹುಡುಕಿ ತಿಳಿದಿರಿ ಎಂದು ವಿಚಾರಿಸುವವರಿಲ್ಲ.

ಓದುವುದು, ಹುಡುಕುವುದು

ಸಂಶೋಧನೆ ಎಂದೊಡನೆ ಬಿಳಿ ಕೋಟು, ದುಬಾರಿ ಯಂತ್ರ, ಪಿಎಚ್‌ಡಿ ಕಣ್ಣಮುಂದೆ ಬರುತ್ತವೆ. ಇವೆಲ್ಲ ಮುಂದಿನ ಮಾತು. ಉತ್ತರ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪ್ರಶ್ನೆ, ಅದಕ್ಕೆ ಉತ್ತರ ಹುಡುಕುವ ಒಂದು ಕ್ರಮ, ಬೇರೊಬ್ಬರು ಬಂದು ಅದೇ ಕ್ರಮದಲ್ಲಿ ಪರೀಕ್ಷಿಸಿ ನೋಡಬಹುದಾದಷ್ಟು ಪ್ರಾಮಾಣಿಕ ಲೆಕ್ಕ. ಇಷ್ಟಿದ್ದರೆ ಸಂಶೋಧನೆ ಶುರುವಾಯಿತು.

ಚಿಕ್ಕ ವಯಸ್ಸು ಇದಕ್ಕೆ ಅಡ್ಡಿಯಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿಎಸ್ಸಿ ಆನರ್ಸ್ ಓದುತ್ತಿದ್ದ ಎಸ್. ಚಂದ್ರಶೇಖರ್ ಅವರ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದದ್ದು 1929ರಲ್ಲಿ, ಅವರಿಗೆ 18 ವರ್ಷವಿದ್ದಾಗ. ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಪ್ರಯೋಗಾಲಯಗಳಿಗೆ ಸೇರಿಸಿಕೊಳ್ಳುವ ಕಾರ್ಯಕ್ರಮವನ್ನೇ ಶುರುಮಾಡಿದರು. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. ಅಲ್ಲಿನ ಪ್ರಯೋಗಾಲಯ ನಮ್ಮ ತಾಲ್ಲೂಕು ಕಾಲೇಜಿನಲ್ಲಿ ಇಲ್ಲ ಎಂಬುದು ನಿಜ. ಆದರೆ ಇಲ್ಲಿನ ಹೊಲ, ಕೆರೆ, ಹಟ್ಟಿ, ಬೆಟ್ಟಗಳು ಅಲ್ಲಿಲ್ಲ.

ಹುಣಸೆಮರದ ಮೇಲಿನ ಕೊಕ್ಕರೆ

ಪ್ರಯೋಗಾಲಯವಿಲ್ಲದೆ ಮಾಡಬಹುದಾದ ಸಂಶೋಧನೆಗೆ ಶಿರಾ ತಾಲ್ಲೂಕಿನ ಕಗ್ಗಲಡು ಒಳ್ಳೆಯ ಉದಾಹರಣೆ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಹಕ್ಕಿಗಳಿಗೆ ತೊಂದರೆಯಾಗಬಾರದೆಂದು ಊರವರು ಆ ಮರಗಳ ಹುಣಸೆಹಣ್ಣನ್ನು ಬಿಟ್ಟುಕೊಟ್ಟಿದ್ದಾರೆ. ಹುಣಸೆ ಈ ಸೀಮೆಯಲ್ಲಿ ಕೈಗೆ ನಾಲ್ಕು ಕಾಸು ತರುವ ಬೆಳೆ ಎಂಬುದನ್ನು ನೆನೆದರೆ ಈ ತ್ಯಾಗ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಊರವರಿಗೆ ಗೊತ್ತಿದ್ದ ಈ ಸಂಗತಿ ಹೊರಗಿನ ಪಕ್ಷಿಲೋಕಕ್ಕೆ ಗೊತ್ತಾದದ್ದು 1999ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಉತ್ಸಾಹಿಗಳು ಅಲ್ಲಿಗೆ ಹೋಗಿ ನೋಡಿ ದಾಖಲಿಸಿದ ಮೇಲೆ. ಅದಕ್ಕೆ ಬೇಕಾದದ್ದು ಬೈನಾಕ್ಯುಲರ್, ನೋಟ್‌ಬುಕ್, ಮತ್ತೆ ಮತ್ತೆ ಹೋಗಿ ಎಣಿಸುವ ತಾಳ್ಮೆ.

ಪ್ರಾಣಿಶಾಸ್ತ್ರ ಓದುವ ಹುಡುಗಿಯೊಬ್ಬಳು ಅದನ್ನು ಇವತ್ತಿಗೂ ಮುಂದುವರಿಸಬಹುದು. ಯಾವ ಮರದಲ್ಲಿ ಎಷ್ಟು ಗೂಡು, ಮೊದಲ ಹಕ್ಕಿ ಬಂದದ್ದು ಯಾವ ವಾರ, ಕೊನೆಯ ಮರಿ ಹಾರಿದ್ದು ಯಾವ ವಾರ, ಆ ವರ್ಷ ಸುತ್ತಲಿನ ಕೆರೆಗಳಲ್ಲಿ ನೀರಿತ್ತೇ? ಒಂದು ವರ್ಷದ ಲೆಕ್ಕದಿಂದ ಏನೂ ತಿಳಿಯದೆ ಹೋಗಬಹುದು. ಅದೇ ಲೆಕ್ಕವನ್ನು ಒಂದೇ ಕಾಲೇಜಿನ ಬೇರೆ ಬೇರೆ ಬ್ಯಾಚಿನವರು ಹತ್ತು ವರ್ಷ ಬರೆದಿಟ್ಟರೆ, ಮಳೆ ಕೈಕೊಟ್ಟ ವರ್ಷ ಕೊಕ್ಕರೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ದೊಡ್ಡ ಸಂಸ್ಥೆಗಳಲ್ಲೂ ಇಲ್ಲದ ಉತ್ತರ ಶಿರಾದ ಕಾಲೇಜಿನ ಬೀರುವಿನಲ್ಲಿ ಇರುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೂ ಇದು ಸಲ್ಲುತ್ತದೆ. 798 ಎಕರೆಯ ಆ ಜಾಗ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎನಿಸಿತು. ಅಲ್ಲಿನ ಜಿಂಕೆಗಳು ಬೇಲಿಯೊಳಗೆ ನಿಲ್ಲುವುದಿಲ್ಲ, ಪಕ್ಕದ ಹೊಲಗಳಿಗೆ ಇಳಿಯುತ್ತವೆ. ಯಾವ ತಿಂಗಳು, ಯಾವ ಬೆಳೆಗೆ, ಎಷ್ಟು ನಷ್ಟ ಎಂದು ರೈತರನ್ನು ಕೇಳಿ ಬರೆದಿಟ್ಟರೆ ಅರಣ್ಯ ಇಲಾಖೆಗೂ ರೈತರಿಗೂ ಮಾತುಕತೆಗೆ ಒಂದು ಆಧಾರ ಸಿಗುತ್ತದೆ. ಮೀಸಲಿನೊಳಗೆ ಅಧ್ಯಯನ ಮಾಡಲು ಇಲಾಖೆಯ ಅನುಮತಿ ಬೇಕು. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಾಂಶುಪಾಲರ ಪತ್ರ ತೆಗೆದುಕೊಂಡು ಹೋಗಿ ಕೇಳಬೇಕು.

ನೀರಿನಲ್ಲಿರುವ ಪ್ರಶ್ನೆ

ಈ ನಾಲ್ಕು ತಾಲ್ಲೂಕಿಗೆ, ಅದರಲ್ಲೂ ಪಾವಗಡಕ್ಕೆ, ಎಲ್ಲಕ್ಕಿಂತ ಹತ್ತಿರದ ವಿಷಯ ನೀರು. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕಂದು ಪಟ್ಟೆಯ ಹಲ್ಲು, ನಡುವಯಸ್ಸಿಗೇ ಹಿಡಿದುಕೊಳ್ಳುವ ಮಂಡಿ, ಬಾಗಿದ ಬೆನ್ನು ಹಳ್ಳಿಗಳವರಿಗೆ ಗೊತ್ತಿರುವ ಕಷ್ಟಗಳು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಬ್ಯೂರೊ ಹೇಳುತ್ತದೆ.

ಫ್ಲೋರೈಡ್ ಬರುವುದು ಬಂಡೆಯಿಂದ. ಇಲ್ಲಿನ ಗ್ರಾನೈಟ್, ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಸೀಳುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ನೀರಿಗೆ ಇಳಿಯುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಕೆರೆಗಳು ತುಂಬುವುದು ಅಪರೂಪ, ಬೋರ್‌ವೆಲ್‌ಗಳು ವರ್ಷದಿಂದ ವರ್ಷಕ್ಕೆ ಆಳಕ್ಕೆ. ಇಷ್ಟು ಪಠ್ಯದಲ್ಲಿ ಸಿಗುತ್ತದೆ. ನಿಮ್ಮೂರಿನ ಕೆರೆ ತುಂಬಿದ ವರ್ಷ ಕೆರೆಯ ಕೆಳಗಿನ ಬೋರಿನಲ್ಲಿ ಫ್ಲೋರೈಡ್ ಇಳಿಯಿತೇ, ಇಳಿದರೆ ಎಷ್ಟು ತಿಂಗಳು ಹಾಗೇ ಇತ್ತು ಎಂಬುದು ಪಠ್ಯದಲ್ಲಿಲ್ಲ.

ರಸಾಯನಶಾಸ್ತ್ರ ಓದುವ ಮೂವರು ಗೆಳತಿಯರು ಇದನ್ನೇ ಆರಿಸಿಕೊಂಡರು ಎಂದುಕೊಳ್ಳೋಣ. ಮೊದಲ ಕೆಲಸ ಪ್ರಶ್ನೆಯನ್ನು ಕಿರಿದು ಮಾಡುವುದು. ‘ಪಾವಗಡ ತಾಲ್ಲೂಕಿನಲ್ಲಿ ಫ್ಲೋರೈಡ್ ಸಮಸ್ಯೆ’ ಎಂಬ ಶೀರ್ಷಿಕೆಗೆ ಮೂರು ವರ್ಷವೂ ಸಾಲದು, ಮೂವತ್ತು ಜನವೂ ಸಾಲದು. ‘ನಮ್ಮ ಮೂರು ಊರಿನ ಹನ್ನೆರಡು ಬೋರ್‌ವೆಲ್‌ಗಳಲ್ಲಿ ಮುಂಗಾರಿಗೆ ಮೊದಲು ಮತ್ತು ಹಿಂಗಾರು ಮುಗಿದ ಮೇಲೆ ಫ್ಲೋರೈಡ್ ಎಷ್ಟೆಷ್ಟು’ ಎಂದರೆ ಕೆಲಸ ಕೈಗೆ ಹತ್ತುತ್ತದೆ.

ಆಮೇಲೆ ಊರು ಸುತ್ತಬೇಕು. ‘ಅಣ್ಣ, ನಿಮ್ಮ ಬೋರು ಎಷ್ಟು ಅಡಿ? ಯಾವ ವರ್ಷ ಕೊರೆಸಿದ್ದು? ಎಷ್ಟು ಅಡಿಗೆ ನೀರು ಸಿಕ್ತು?’ ರೈತರಿಗೆ ಈ ಲೆಕ್ಕ ಬಾಯಿಪಾಠ. ಪ್ರತಿ ಅಡಿಗೂ ಸಾಲ ಮಾಡಿ ದುಡ್ಡು ಕೊಟ್ಟವರು ಅದನ್ನು ಮರೆಯುವುದಿಲ್ಲ. ನೀರು ಹಿಡಿಯುವ ಮುನ್ನ ಮೋಟಾರು ಸ್ವಲ್ಪ ಹೊತ್ತು ಓಡಬೇಕು, ಇಲ್ಲದಿದ್ದರೆ ಪೈಪಿನಲ್ಲಿ ನಿಂತ ನೀರನ್ನು ಅಳೆದಂತಾಗುತ್ತದೆ. ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ಗಾಜಿನೊಂದಿಗೆ ಫ್ಲೋರೈಡ್ ವರ್ತಿಸಬಹುದು. ಬಾಟಲಿ ತುಂಬಿದ ಜಾಗದಲ್ಲೇ ಊರು, ದಿನಾಂಕ, ಹೊತ್ತು, ಬೋರಿನ ಗುರುತು ಬರೆಯಬೇಕು. ಮನೆಗೆ ಬಂದು ಬರೆಯುತ್ತೇನೆ ಎಂದವರ ಬಾಟಲಿಗಳು ಅದಲುಬದಲಾಗುತ್ತವೆ.

ಅಳೆಯುವುದು ಹೇಗೆ? ಬಣ್ಣ ಹೋಲಿಸಿ ನೋಡುವ ಕ್ಷೇತ್ರ ಪರೀಕ್ಷಾ ಕಿಟ್ ಅಗ್ಗ, ಆದರೆ ಅಂದಾಜು. ನಿಖರವಾಗಿ ಬೇಕಾದರೆ ಕೆಲವು ಮಾದರಿಗಳನ್ನಾದರೂ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲೋ ವಿಶ್ವವಿದ್ಯಾಲಯದಲ್ಲೋ ಅಳೆಸಿ, ಕಿಟ್ಟಿನ ಅಂಕಿ ಎಷ್ಟು ಆಚೀಚೆಯಿದೆ ಎಂದು ಲೆಕ್ಕ ಹಾಕಬೇಕು. ಒಂದೇ ಬಾಟಲಿಯ ನೀರನ್ನು ಗುರುತು ಮರೆಮಾಡಿ ಎರಡು ಸಲ ಅಳೆಯಬೇಕು. ಎರಡು ಉತ್ತರ ಬಂದರೆ ಎರಡನ್ನೂ ಬರೆಯಬೇಕು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಗ್ರಾಫಿನಲ್ಲಿ ಸಾಲಿಗೆ ಬಾರದ ಒಂದು ಚುಕ್ಕೆಯನ್ನು ಅಳಿಸಿಬಿಡುವ ಆಸೆ ಬಲವಾದದ್ದು. ಆ ಚುಕ್ಕೆಯನ್ನು ಉಳಿಸಿಕೊಂಡು, ಅದೇಕೆ ಹಾಗಿದೆ ಎಂದು ಮತ್ತೆ ಆ ಬೋರಿನ ಹತ್ತಿರ ಹೋಗಿ ನೋಡುವವಳು ಸಂಶೋಧಕಿಯಾಗುತ್ತಾಳೆ. ಉಳಿದದ್ದನ್ನೆಲ್ಲ ಕಲಿಸಬಹುದು, ಈ ಪ್ರಾಮಾಣಿಕತೆಯನ್ನು ಮಾಡುತ್ತ ಮಾಡುತ್ತಲೇ ರೂಢಿಸಿಕೊಳ್ಳಬೇಕು.

ಮಕ್ಕಳ ಹಲ್ಲು ನೋಡುತ್ತೇವೆ, ಫೋಟೊ ತೆಗೆಯುತ್ತೇವೆ ಎಂದು ಹೊರಟರೆ ಅದು ಬೇರೆಯೇ ಹೊಣೆ. ತಂದೆತಾಯಿಯ ಒಪ್ಪಿಗೆ, ದಂತವೈದ್ಯರ ನೆರವು ಎರಡೂ ಇಲ್ಲದೆ ಅದಕ್ಕೆ ಕೈಹಾಕಬಾರದು. ನೀರಿನ ಫಲಿತಾಂಶವನ್ನು ಮಾತ್ರ ಬೋರಿನ ಮಾಲೀಕರಿಗೂ ಗ್ರಾಮ ಪಂಚಾಯಿತಿಗೂ ಹೇಳಿಯೇ ತೀರಬೇಕು. ಯಾರ ನೀರಿನಿಂದ ಅಂಕಿ ಬಂತೋ ಅವರಿಗೆ ಅದನ್ನು ತಿಳಿಯುವ ಹಕ್ಕು ಮೊದಲು.

ಒಂದು ಮಾತು ಹೆಣ್ಣುಮಕ್ಕಳಿಗಾಗಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ನಿಮ್ಮ ಓಡಾಟಕ್ಕೆ ಖರ್ಚಿಲ್ಲ. ಕ್ಷೇತ್ರಕಾರ್ಯದ ದೊಡ್ಡ ವೆಚ್ಚ ಪ್ರಯಾಣವೇ ಆಗಿರುವಾಗ ಇದು ಸಣ್ಣ ಅನುಕೂಲವಲ್ಲ.

ಬಿಎ ಓದುವವರಿಗೆ ಏನಿದೆ?

ಸಂಶೋಧನೆ ವಿಜ್ಞಾನದವರ ಸ್ವತ್ತು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬೇರುಬಿಟ್ಟಿದೆ. ಅದು ತಪ್ಪೆಂದು ತಿಳಿಯಲು ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದರ ಸಾಮರ್ಥ್ಯ 2,050 ಮೆಗಾವಾಟ್. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಬಾಡಿಗೆ.

ದೇಶವಿದೇಶದ ಸಂಶೋಧಕರು ಇದನ್ನು ನೋಡಲು ಬಂದಿದ್ದಾರೆ. ಅವರಿಗೆ ದುಭಾಷಿ ಬೇಕು. ಪಾವಗಡದ ವಿದ್ಯಾರ್ಥಿಗೆ ಬೇಡ, ಅವನಿಗೆ ಕನ್ನಡವೂ ಗೊತ್ತು, ತೆಲುಗೂ ಗೊತ್ತು, ಯಾವ ಮನೆಯವರು ಯಾರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರು ಎಂಬುದೂ ಗೊತ್ತು. ಭೂಮಿ ಇದ್ದವರಿಗೆ ಬಾಡಿಗೆ ಬಂತು. ಆ ಭೂಮಿಯಲ್ಲಿ ಕಳೆ ಕೀಳುತ್ತಿದ್ದ, ಕಡಲೇಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದವರು ಈಗ ಎಲ್ಲಿದ್ದಾರೆ? ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿದ್ದ ಮೇಲೆ ಹಿಂಡು ಕಿರಿದಾಯಿತೇ, ದೂರ ಹೋಯಿತೇ? ಬಾಡಿಗೆ ಹಣ ಮನೆಗೆ ಬಂದಾಗ ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೆಂಗಸರನ್ನು ಕೇಳಿದರೇ? ಅರ್ಥಶಾಸ್ತ್ರದ, ಸಮಾಜಶಾಸ್ತ್ರದ ವಿದ್ಯಾರ್ಥಿ ನಲವತ್ತು ಮನೆಗಳಿಗೆ ಹೋಗಿ ಒಂದೇ ಪ್ರಶ್ನಾವಳಿ ಹಿಡಿದು ಕೇಳಿದರೆ ಸಾಕು. ತನಗೆ ಗುರುತಿರುವವರ ಮನೆಗಳನ್ನೇ ಆರಿಸಿಕೊಳ್ಳದೆ, ಎಲ್ಲ ಕೇರಿಗಳಿಂದ ಚೀಟಿ ಎತ್ತಿ ಆರಿಸಬೇಕು ಎಂಬ ಎಚ್ಚರ ಮಾತ್ರ ಇರಬೇಕು.

ಇತಿಹಾಸದವರಿಗೆ, ಊರೂರಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಬಿಟ್ಟುಹೋದ ದೊಡ್ಡ ದಾರಿಯಿದೆ. ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತುಮಕೂರು ಜಿಲ್ಲೆಯದು, ಪ್ರಕಟವಾದದ್ದು 1904ರಲ್ಲಿ. ಮಧುಗಿರಿ, ಶಿರಾ, ಪಾವಗಡಗಳ ಶಾಸನಗಳು ಊರಿನ ಹೆಸರು, ಕಲ್ಲು ಇರುವ ಜಾಗದ ಸಮೇತ ಅದರಲ್ಲಿವೆ. ಅಂದು ಹೊಲದ ಬದುವಿನಲ್ಲಿ, ಕೆರೆಯ ತೂಬಿನ ಬಳಿ ಇದ್ದ ಕಲ್ಲು ಇಂದೂ ಅಲ್ಲೇ ಇದೆಯೇ? ಒಂದು ಹೋಬಳಿಯ ಪಟ್ಟಿ ಹಿಡಿದು ಹೊರಡಿ. ಕೆಲವು ಸಿಗುತ್ತವೆ, ಕೆಲವು ಮನೆಯ ಮೆಟ್ಟಿಲಾಗಿರುತ್ತವೆ, ಕೆಲವು ರಸ್ತೆಯಡಿ ಸೇರಿರುತ್ತವೆ, ಪಟ್ಟಿಯಲ್ಲಿಲ್ಲದ ಒಂದು ವೀರಗಲ್ಲೂ ಎದುರಾಗಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಹೀಗೆಯೇ ಹಳೆಯ ಸಂಪುಟ ಹಿಡಿದು ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದೆ. ಕಲ್ಲಿಗೆ ಸೀಮೆಸುಣ್ಣ, ಬಣ್ಣ ಬಳಿಯದೆ, ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ.

ಕನ್ನಡ ಐಚ್ಛಿಕ ಓದುವವರಿಗೂ ಕೆಲಸವಿದೆ. ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯ ಇನ್ನೂ ಬಾಯಲ್ಲಿದೆ, ಗಣೆ ಎಂಬ ಕೊಳಲಿನ ನಾದವೂ ಇದೆ. ಹಾಡುವವರು ಮುದುಕರಾಗುತ್ತಿದ್ದಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹಾಡಿದವರ ಹೆಸರು ಅವರ ಒಪ್ಪಿಗೆಯೊಂದಿಗೆ ಬರೆದು, ಪಠ್ಯಕ್ಕಿಳಿಸುವ ಕೆಲಸವನ್ನು ಇವತ್ತೇ ಮಾಡಬೇಕು. ಕೊರಟಗೆರೆಯವರಿಗೆ ಸಿದ್ಧರಬೆಟ್ಟ ಹತ್ತಿರ. ಅಲ್ಲಿನ ಔಷಧಿ ಗಿಡಗಳ ಖ್ಯಾತಿ ಎಲ್ಲರಿಗೂ ಗೊತ್ತು, ಯಾವ ಗಿಡ ಈಗ ಎಷ್ಟು ಉಳಿದಿದೆ ಎಂಬ ಲೆಕ್ಕ ಬೇಕು. ನಾಟಿ ವೈದ್ಯರ ಬಳಿ ಹೋದರೆ ಅವರು ಹೇಳಬೇಡ ಎಂದದ್ದನ್ನು ಬರೆಯಬಾರದು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕೆನ್ನುತ್ತದೆ. ಅದನ್ನು ಸರಿಯಾಗಿ ತುಂಬಲು ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗಿಂತ ತಕ್ಕವರು ಯಾರು?

ನಾಲ್ಕನೇ ವರ್ಷ ಬಂತು, ಹೋಯಿತು

ಪದವಿಯಲ್ಲಿ ಸಂಶೋಧನೆ ಎಂಬ ಮಾತು ಇತ್ತೀಚೆಗೆ ಹೆಚ್ಚು ಕೇಳಿಬಂದದ್ದು ರಾಷ್ಟ್ರೀಯ ಶಿಕ್ಷಣ ನೀತಿಯಿಂದ. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ತಂದಿತು. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಪಡೆದವರು ನಾಲ್ಕನೇ ವರ್ಷ ಸಂಶೋಧನಾ ಪ್ರಬಂಧ ಬರೆದು ‘ಸಂಶೋಧನೆ ಸಹಿತ ಆನರ್ಸ್’ ಪಡೆಯಬಹುದು ಎಂದು ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೇಳಿತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ, ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ, ಮೂರು ವರ್ಷದ ಪದವಿಗೆ ಮರಳಿತು.

ನಮ್ಮ ತಾಲ್ಲೂಕುಗಳ ಬಡ ಮನೆಗಳಿಗೆ ಇನ್ನೊಂದು ವರ್ಷದ ಖರ್ಚು ಹೊರೆಯೇ ಆಗುತ್ತಿತ್ತು, ಮರಳಿದ್ದನ್ನು ತಪ್ಪೆನ್ನಲಾರೆ. ಆದರೆ ನಾಲ್ಕನೇ ವರ್ಷದ ಜೊತೆಗೆ ಸಂಶೋಧನೆಯ ಮಾತೂ ಮೂಲೆ ಸೇರಿದ್ದು ನಷ್ಟ. ಒಂದು ಸಣ್ಣ ಪ್ರಶ್ನೆಯ ಬೆನ್ನುಹತ್ತಲು ಮೂರು ವರ್ಷ ಬೇಕಾದಷ್ಟಾಯಿತು.

ಬೆಂಗಳೂರಿನ ಬಾಗಿಲು

ಊರಿನಲ್ಲಿ ಶುರುಮಾಡಿದವರಿಗೆ ಹೊರಗಿನ ಬಾಗಿಲುಗಳೂ ಇವೆ. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದವರು ಎರಡು ತಿಂಗಳು ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯ ಬಳಿ ಕೆಲಸ ಮಾಡುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಿಗೆ ಫೆಲೋಶಿಪ್ ನಡೆಸುತ್ತ ಬಂದಿದೆ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ. ಬೇಸಿಗೆಯಲ್ಲಿ ವಿಚಾರಿಸಿದರೆ ಕಾಲ ಮೀರಿರುತ್ತದೆ, ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಅವಕಾಶ ತಪ್ಪುವುದು ಇದೊಂದೇ ಕಾರಣಕ್ಕೆ.

ಪಿಯುಸಿ ಬೋರ್ಡಿನಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಆರಿಸಿಕೊಂಡವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ತರಬೇತಿಗೆಂದೇ ಮೀಸಲು. ಎಂಜಿನಿಯರಿಂಗ್ ಓದುವವರ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ನೆರವು ಕೊಡುತ್ತಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಪಾವಗಡದವರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಸಿಗುತ್ತದೆ.

ಅರ್ಜಿಯಲ್ಲಿ ‘ನನಗೆ ವಿಜ್ಞಾನವೆಂದರೆ ಬಾಲ್ಯದಿಂದಲೂ ಪ್ರೀತಿ’ ಎಂದು ಬರೆದವರು ಸಾವಿರಾರು. ‘ನಮ್ಮೂರಿನ ಹನ್ನೆರಡು ಬೋರ್‌ವೆಲ್‌ಗಳ ನೀರನ್ನು ಎರಡು ಋತುವಿನಲ್ಲಿ ಅಳೆದೆ, ಒಂದರ ಅಂಕಿ ನನಗೆ ಅರ್ಥವಾಗಲಿಲ್ಲ, ಅದನ್ನು ಕಲಿಯಲು ಬರುತ್ತೇನೆ’ ಎಂದು ಬರೆಯಬಲ್ಲವರು ಕಡಿಮೆ. ಇಂಗ್ಲಿಷ್ ಸರಳವಾಗಿದ್ದರೂ ಅಡ್ಡಿಯಿಲ್ಲ. ನೋಟ್‌ಬುಕ್ಕನ್ನು ಕನ್ನಡದಲ್ಲೇ ಬರೆಯಿರಿ, ಯೋಚನೆ ನೇರವಾಗಿದ್ದರೆ ಮೇಷ್ಟ್ರ ಜೊತೆ ಕೂತು ಅದನ್ನು ಇಂಗ್ಲಿಷಿಗೆ ತರಬಹುದು. ಎರಡು ತಿಂಗಳು ಮಗಳನ್ನು ಹೊರಗೆ ಕಳಿಸಲು ಅಂಜುವ ತಂದೆತಾಯಿ ಸಂಸ್ಥೆಯಲ್ಲಿ ಹಾಸ್ಟೆಲ್ ಇದೆಯೇ ಎಂದು ಫೋನ್ ಮಾಡಿ ಕೇಳಲಿ, ಬೇಕಾದರೆ ಒಮ್ಮೆ ಹೋಗಿ ನೋಡಿ ಬರಲಿ.

ಒಂದು ಮೋಸದ ಬಗ್ಗೆ ಎಚ್ಚರ. ಹಣ ಕಟ್ಟಿದರೆ ವಾರದೊಳಗೆ ನಿಮ್ಮ ಲೇಖನ ‘ಅಂತರರಾಷ್ಟ್ರೀಯ ಜರ್ನಲ್’ನಲ್ಲಿ ಬರುತ್ತದೆ ಎನ್ನುವ ಸಂದೇಶಗಳು ಮೊಬೈಲಿಗೆ ಬರುತ್ತವೆ. ಯಾರೂ ಓದಿ ಪರಿಶೀಲಿಸದ ಆ ಪ್ರಕಟಣೆಯಿಂದ ಹೆಸರು ಕೆಡುತ್ತದೆ, ದುಡ್ಡೂ ಹೋಗುತ್ತದೆ. ಎಐ ಬರೆದುಕೊಟ್ಟ ವರದಿಯೂ ಜೆರಾಕ್ಸ್ ಅಂಗಡಿಯ ವರದಿಯ ಸಾಲಿಗೇ ಸೇರಿದ್ದು. ಭಾಷೆ ತಿದ್ದಲು ನೆರವು ಪಡೆಯಿರಿ, ಅಂಕಿಗಳು ಮಾತ್ರ ನಿಮ್ಮ ಕೈಯಿಂದಲೇ ಬರಲಿ.

ಮೇಷ್ಟ್ರಿಗೆ ಬಿಡುವೆಲ್ಲಿದೆ?

ಇಷ್ಟೆಲ್ಲ ಹೇಳುವಾಗ ಕಾಲೇಜಿನ ಒಳಗಿನ ಸ್ಥಿತಿಯನ್ನು ಮರೆಯಬಾರದು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಎರಡು ಋತುವಿನ ಅಧ್ಯಯನಕ್ಕೆ ಮಾರ್ಗದರ್ಶಕರಾಗುವುದು ಹೇಗೆ? ಅವರಲ್ಲಿ ಪಿಎಚ್‌ಡಿ ಮಾಡಿದವರು ಬೇಕಾದಷ್ಟಿದ್ದಾರೆ, ವಿದ್ಯೆಯಲ್ಲಿ ಕೊರತೆಯಿಲ್ಲ. ಅವರಿಗೆ ಭದ್ರತೆ ಕೊಡದೆ ಪದವಿ ಮಟ್ಟದ ಸಂಶೋಧನೆಯ ಮಾತಾಡುವುದು ಸರ್ಕಾರಕ್ಕೆ ಶೋಭೆಯಲ್ಲ. ಖಾಯಂ ನೇಮಕಾತಿ ಆಗಲೇಬೇಕು, ವಿದ್ಯಾರ್ಥಿಯ ಪ್ರಾಜೆಕ್ಟಿಗೆ ಕೊಟ್ಟ ಸಮಯ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಸಿಗಬೇಕು.

ಈ ನಾಲ್ಕು ತಾಲ್ಲೂಕಿನ ಕಾಲೇಜುಗಳು ಸೇರಿರುವ ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಶುರುವಾಯಿತು. ಅದರ ಪ್ರಯೋಗಾಲಯಗಳನ್ನು ವರ್ಷಕ್ಕೆ ಕೆಲವು ವಾರ ಪಾವಗಡ, ಶಿರಾದ ಬಿಎಸ್ಸಿ ಮಕ್ಕಳಿಗೂ ತೆರೆದರೆ ದೊಡ್ಡ ಉಪಕಾರ. ಪ್ರಾಂಶುಪಾಲರು ಮಾಡಬಹುದಾದದ್ದಕ್ಕೆ ಸರ್ಕಾರದ ಆದೇಶವೇನೂ ಬೇಕಿಲ್ಲ. ವಿದ್ಯಾರ್ಥಿಗಳು ನಿಜವಾಗಿ ಮಾಡಿದ ಅಧ್ಯಯನಗಳಿಗೆ ಗ್ರಂಥಾಲಯದಲ್ಲಿ ಒಂದು ಬೀರು ಬಿಡಿ, ಮುಂದಿನ ಬ್ಯಾಚ್ ಅಲ್ಲಿಂದ ಶುರುಮಾಡಲಿ. ಅಕ್ಟೋಬರ್ ಮೊದಲ ವಾರ ಫೆಲೋಶಿಪ್‌ಗಳ ವಿವರವನ್ನು ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹಾಕಿ, ತರಗತಿಗೆ ಹೋಗಿ ಓದಿ ಹೇಳಿ.

ಈ ತಾಲ್ಲೂಕುಗಳ ಓದುಗರಲ್ಲಿಯೂ ಒಂದು ಕೋರಿಕೆ. ಕಾಲೇಜಿನ ಹುಡುಗಿಯೊಬ್ಬಳು ಬಾಟಲಿ, ನೋಟ್‌ಬುಕ್ ಹಿಡಿದು ಬಂದು ನಿಮ್ಮ ಬೋರಿನ ಆಳ ಕೇಳಿದರೆ, ಹಿತ್ತಲಿನ ಕಲ್ಲಿನ ಮೇಲಿನ ಅಕ್ಷರ ನೋಡಬೇಕೆಂದರೆ ಗೇಲಿ ಮಾಡಿ ಕಳಿಸಬೇಡಿ. ಕೂರಿಸಿ, ಗೊತ್ತಿದ್ದದ್ದನ್ನು ಹೇಳಿ, ಫಲಿತಾಂಶ ಬಂದ ಮೇಲೆ ನಮಗೂ ತಿಳಿಸಮ್ಮ ಎಂದು ಕೇಳಿ.